ಟಿಬಿ ಮಾತ್ರೆಗೂ ಮೊಬೈಲ್‌ಗೂ ಏನ್ ಸಂಬಂಧ? ನರ್ಸ್‌ಗಳು ಮಾಡಿದ ಸಂಶೋಧನೆ ಏನ್ ಹೇಳುತ್ತೆ

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಟಿಬಿ ಅಂತ ಗೊತ್ತಾಯ್ತು. ಮೂರು ವಾರ ಬಿಡದ ಕೆಮ್ಮು, ಸಂಜೆ ಹೊತ್ತು ಸಣ್ಣಗೆ ಜ್ವರ, ಕುಪ್ಪಸ ಸಡಿಲ ಆಗೋವಷ್ಟು ತೂಕ ಇಳಿದಿತ್ತು. ಕಫ ಪರೀಕ್ಷೆ ಮಾಡಿಸಿದ್ವಿ, ಪಾಸಿಟಿವ್ ಬಂತು. ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಪುಕ್ಕಟೆ ಕೊಟ್ರು, ಹೆಸರು ವಿಳಾಸ ಬರ್ಕೊಂಡ್ರು, ಕೊನೇಲಿ ಒಂದು ಫೋನ್ ನಂಬರ್ ಕೇಳಿದ್ರು. ಚಿಕ್ಕಮ್ಮನ ಹತ್ರ ಫೋನ್ ಇಲ್ಲ, ಪೀಣ್ಯದಲ್ಲಿ ಕೆಲಸ ಮಾಡೋ ಮಗನ ನಂಬರ್ ಕೊಟ್ಟು ಬಂದ್ವಿ. ಆಮೇಲೆ ಮಾತ್ರೆ ಬಗ್ಗೆ ಬಂದ ಮೆಸೇಜ್ ಎಲ್ಲಾ ಓದ್ತಿದ್ದೋನು ಬೆಂಗಳೂರಲ್ಲಿದ್ದ ಮಗ, ಮಾತ್ರೆ ನುಂಗಬೇಕಾದ ಅಮ್ಮ ಇದ್ದಿದ್ದು ಅರಸೀಕೆರೆ ಹತ್ರದ ಹಳ್ಳೀಲಿ.

ಮೂರನೇ ತಿಂಗಳಲ್ಲಿ ಚಿಕ್ಕಮ್ಮ ಹದಿನೈದು ದಿನ ಮಾತ್ರೆ ಬಿಟ್ಟಿದ್ರು, ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ. ರಾಗಿ ಕೊಯ್ಲು ಟೈಮು, ಬೆಳಗ್ಗೆ ಮಾತ್ರೆ ನುಂಗಿದ್ರೆ ಹೊಟ್ಟೆ ತೊಳಸುತ್ತೆ, ಗದ್ದೆ ಬಯಲಲ್ಲಿ ಬಗ್ಗಿ ಕೆಲಸ ಮಾಡೋಕಾಗಲ್ಲ, ಕೆಮ್ಮು ಹೇಗೂ ನಿಂತಿದೆಯಲ್ಲ, ಕೊಯ್ಲು ಮುಗೀಲಿ ಆಮೇಲೆ ನುಂಗಿದ್ರಾಯ್ತು ಅಂತ ಅವರ ಲೆಕ್ಕ. ಆಶಾ ಅಕ್ಕ ಮನೆಗೆ ಬಂದು ಶೀಟ್ ತೆಗೆಸಿ ಎಣಿಸಿದಾಗ ವಿಷಯ ಹೊರಗೆ ಬಂತು. ಪುಣ್ಯಕ್ಕೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ತಪ್ಪಿದ ಡೋಸ್ ಸೇರಿಸಿ ಮುಂದುವರಿಸಿದ್ರು, ಈಗ ಆರಾಮಾಗಿದ್ದಾರೆ.

ಅವತ್ತಿಂದ ನನಗೆ ಇದೇ ಯೋಚನೆ. ಫೋನಲ್ಲಿ ಮಾತ್ರೆ ನೆನಪು ಮಾಡೋದು, ಫೋನಲ್ಲೇ ಚೆಕ್ ಮಾಡೋದು, ಇದೆಲ್ಲಾ ನಿಜವಾಗ್ಲೂ ಕೆಲಸ ಮಾಡುತ್ತಾ? ಮಾಡಿದ್ರೆ ಯಾವಾಗ, ಮಾಡದಿದ್ರೆ ಯಾಕೆ? ಹುಡುಕಿ ಓದ್ತಾ ಹೋದಾಗ ಇದರ ಬಗ್ಗೆ ಒಳ್ಳೊಳ್ಳೆ ಸಂಶೋಧನೆ ಆಗಿದೆ, ಅದರಲ್ಲಿ ನರ್ಸ್‌ಗಳ ಪಾಲು ದೊಡ್ಡದು ಅಂತ ಗೊತ್ತಾಯ್ತು. ಮನೇಲಿ ಟಿಬಿ ಇರೋರು, ಎಚ್‌ಐವಿ ಮಾತ್ರೆ ತಗೊಳ್ಳೋರು, ಅವರನ್ನ ನೋಡ್ಕೊಳ್ಳೋರು ಎಲ್ಲರಿಗೂ ಅರ್ಥ ಆಗೋ ಹಾಗೆ ಬರೀತೀನಿ.

ಆರು ತಿಂಗಳು ಯಾಕೆ ಬೇಕು?

ಟಿಬಿ ಅಂದ್ರೆ ಕ್ಷಯ. ಒಂದು ಬ್ಯಾಕ್ಟೀರಿಯಾದಿಂದ ಬರೋದು, ಗಾಳೀಲಿ ಹರಡೋದು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2023ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 8 ಲಕ್ಷ ಜನಕ್ಕೆ ಹೊಸದಾಗಿ ಟಿಬಿ ಬಂತು, ಸುಮಾರು 12.5 ಲಕ್ಷ ಜನ ಸತ್ರು, ಬಂದವರಲ್ಲಿ ನಾಲ್ಕಕ್ಕೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ನಮ್ಮ ದೇಶದವರೇ. ಬೇಜಾರಿನ ವಿಷಯ ಏನಂದ್ರೆ ಮಾಮೂಲಿ ಟಿಬಿ ವಾಸಿ ಆಗೋ ಕಾಯಿಲೆ, ಮಾತ್ರೆ ಇದೆ, ಪುಕ್ಕಟೆ ಸಿಗುತ್ತೆ.

ಕಷ್ಟ ಇರೋದು ಎಷ್ಟು ದಿನ ನುಂಗಬೇಕು ಅನ್ನೋದ್ರಲ್ಲಿ. ನಮ್ಮಲ್ಲಿ ಮೊದಲ 56 ಡೋಸ್ ನಾಲ್ಕು ಔಷಧಿ ಸೇರಿದ ಮಾತ್ರೆ, ಆಮೇಲೆ 112 ಡೋಸ್ ಮೂರು ಔಷಧಿ ಸೇರಿದ ಮಾತ್ರೆ, ದಿನಾ ತಗೋಬೇಕು. ತೂಕ 50ರಿಂದ 64 ಕೆಜಿ ಇರೋರಿಗೆ ದಿನಕ್ಕೆ 4 ಮಾತ್ರೆ, ಅಂದ್ರೆ ಒಟ್ಟು 672 ಮಾತ್ರೆ. ಮನೇಲಿ ಐದು ದಿನದ ಆಂಟಿಬಯೋಟಿಕ್ ಕೋರ್ಸನ್ನೇ ಮೂರನೇ ದಿನಕ್ಕೆ ಬಿಡೋರು ನಾವು, 672 ಅಂದ್ರೆ ಯೋಚನೆ ಮಾಡಿ.

ಗರಿಕೆ ಕಿತ್ತೋರಿಗೆ ಇದು ಸುಲಭಕ್ಕೆ ಅರ್ಥ ಆಗುತ್ತೆ. ಮೇಲೆ ಮೇಲೆ ಕೊಯ್ದ್ರೆ ಹೊಲ ಕ್ಲೀನ್ ಕಾಣುತ್ತೆ, ಒಂದು ಮಳೆ ಬಿದ್ರೆ ಮತ್ತೆ ಹಸಿರು, ಯಾಕಂದ್ರೆ ಬೇರು ಒಳಗೇ ಇದೆ. ಟಿಬಿ ಬ್ಯಾಕ್ಟೀರಿಯಾದಲ್ಲೂ ಚುರುಕಾಗಿ ಬೆಳೆಯೋವು ಮೊದಲ ವಾರಗಳಲ್ಲೇ ಸಾಯ್ತವೆ, ಕೆಮ್ಮು ನಿಲ್ಲುತ್ತೆ, ಹಸಿವು ಬರುತ್ತೆ, ವಾಸಿ ಆಯ್ತು ಅನ್ಸುತ್ತೆ. ನಿಧಾನವಾಗಿ, ನಿದ್ದೆ ಮಾಡ್ದಂಗೆ ಇರೋವು ಮಾತ್ರ ತಿಂಗಳುಗಟ್ಟಲೆ ಉಳ್ಕೊಂಡಿರ್ತವೆ. ಮಧ್ಯದಲ್ಲಿ ಮಾತ್ರೆ ಬಿಟ್ರೆ ಅವು ಮತ್ತೆ ಬೆಳೀತವೆ, ಮಾತ್ರೆ ಬಿಟ್ಟು ಬಿಟ್ಟು ತಗೊಂಡ್ರೆ ಆ ಔಷಧಿಗೇ ಜಗ್ಗದಂಥವು ಉಳಿದು ಅವೇ ಹೆಚ್ಚಾಗೋ ಅಪಾಯ ಇದೆ. ಆಗ ಬೇರೆ ಔಷಧಿ, ಜಾಸ್ತಿ ಸೈಡ್ ಎಫೆಕ್ಟ್, ಮನೆಯವರಿಗೂ ಅದೇ ಗಟ್ಟಿ ಟಿಬಿ ಹರಡೋ ಭಯ.

ಕಣ್ಣೆದುರೇ ನುಂಗಿಸೋ ಪದ್ಧತಿ

ಹಿಂದೆ ಟಿಬಿ ಅಂದ್ರೆ ಸ್ಯಾನಟೋರಿಯಂಗೆ ಸೇರಿಸಿ ತಿಂಗಳುಗಟ್ಟಲೆ ಇಟ್ಕೊಳ್ತಿದ್ರು. 1956ರಲ್ಲಿ ಮದ್ರಾಸಲ್ಲಿ ಒಂದು ಅಧ್ಯಯನ ಶುರುವಾಯ್ತು, ಅರ್ಧ ಜನಕ್ಕೆ ಸ್ಯಾನಟೋರಿಯಂ, ಇನ್ನರ್ಧ ಜನಕ್ಕೆ ತಮ್ಮ ಮನೇಲೇ ಇದ್ಕೊಂಡು ಅದೇ ಮಾತ್ರೆ. ಮನೇಲಿ ಜಾಗ ಕಮ್ಮಿ, ಊಟ ಕಮ್ಮಿ, ಆದ್ರೂ ಫಲಿತಾಂಶ ಹೆಚ್ಚುಕಮ್ಮಿ ಒಂದೇ ಬಂತು. ಪ್ರಪಂಚದಲ್ಲಿ ಟಿಬಿ ಚಿಕಿತ್ಸೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಕ್ಕೆ ಇದು ದೊಡ್ಡ ಕಾರಣ. ಅದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವಿಷಯ: ರೋಗಿ ಮಾತ್ರೆ ತಗೊಂಡಿದಾರಾ ಅಂತ ತಿಳ್ಕೊಳ್ಳೋಕೆ ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸ್ತಿದ್ರು, ಮೂತ್ರ ತಗೊಂಡು ಔಷಧಿ ಅಂಶ ಇದೆಯಾ ನೋಡ್ತಿದ್ರು. ಈ ಮೂತ್ರದ ವಿಷಯ ನೆನಪಲ್ಲಿರ್ಲಿ, ಮುಂದೆ ಬರುತ್ತೆ.

ಆಮೇಲೆ ಬಂದಿದ್ದು ಡಾಟ್ಸ್. ಆರೋಗ್ಯ ಕಾರ್ಯಕರ್ತರ ಎದುರೇ ರೋಗಿ ಮಾತ್ರೆ ನುಂಗಬೇಕು. ಚೆನ್ನಾಗೇ ಇದೆ, ಆದ್ರೆ ಕೂಲಿಗೆ ಹೋಗೋರು ಮಾತ್ರೆಗೋಸ್ಕರ ಅರ್ಧ ದಿನದ ಕೂಲಿ ಕಳ್ಕೋಬೇಕು, ಬಸ್ ಚಾರ್ಜ್ ಬೇರೆ, ಟಿಬಿ ಸೆಂಟರ್ ಬಾಗಿಲಲ್ಲಿ ಯಾರಾದ್ರೂ ನೋಡ್ಬಿಟ್ರೆ ಮಗಳ ಮದುವೆಗೆ ತೊಂದರೆ ಅನ್ನೋ ಹೆದರಿಕೆ ಬೇರೆ. ಅದಕ್ಕೇ ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ, ಎದುರು ನಿಂತು ನೋಡೋ ಕೆಲಸವನ್ನ ಫೋನಿಂದ ಮಾಡ್ಬಹುದಾ ಅನ್ನೋ ಪ್ರಶ್ನೆ ಹುಟ್ಟಿದ್ದು.

ಎಂಹೆಲ್ತ್ ಅಂದ್ರೇನು, ನರ್ಸ್ ಸಂಶೋಧನೆ ಅಂದ್ರೇನು

ಮೊಬೈಲ್ ಬಳಸಿ ಆರೋಗ್ಯ ಸೇವೆ ಕೊಡೋದಕ್ಕೆ ಎಂಹೆಲ್ತ್ ಅಂತಾರೆ. ದೊಡ್ಡ ಆಪ್ ಇರ್ಲೇಬೇಕು ಅಂತೇನಿಲ್ಲ, ಒಂದು ಎಸ್ಸೆಮ್ಮೆಸ್, ಒಂದು ಮಿಸ್ಡ್ ಕಾಲ್ ಕೂಡ ಎಂಹೆಲ್ತ್ ಆಗುತ್ತೆ.

ನಮ್ಮಲ್ಲಿ ಸಿಸ್ಟರ್ ಅಂದ್ರೆ ಇಂಜೆಕ್ಷನ್ ಕೊಡೋರು, ಬಿಪಿ ನೋಡೋರು ಅಂತ ಅಷ್ಟೇ ಅಂದ್ಕೊಂಡಿರ್ತೀವಿ. ನರ್ಸಿಂಗಲ್ಲೂ ಪಿಎಚ್‌ಡಿ ಇದೆ, ಅದರದ್ದೇ ಸಂಶೋಧನೆ ಇದೆ. ಯಾವ ಔಷಧಿ ಬ್ಯಾಕ್ಟೀರಿಯಾನ ಕೊಲ್ಲುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಇವರ ಪ್ರಶ್ನೆ ಶುರುವಾಗುತ್ತೆ. ಚೀಟಿ ಹಿಡ್ಕೊಂಡು ಮನೆಗೆ ಹೋದ ಮನುಷ್ಯನಿಗೆ ಆರು ತಿಂಗಳು ಏನೇನಾಗುತ್ತೆ, ಯಾವತ್ತು ಮಾತ್ರೆ ಬಿಡ್ತಾನೆ, ಯಾಕೆ ಬಿಡ್ತಾನೆ, ಯಾರಿಗೆ ಹೇಳ್ಕೊಳ್ತಾನೆ? ವಾರ್ಡಲ್ಲಿ ರೋಗಿ ಜೊತೆ ಜಾಸ್ತಿ ಹೊತ್ತು ಕಳೆಯೋರು ಅವರೇ ಅಲ್ವಾ, ಪ್ರಶ್ನೆನೂ ಅಲ್ಲಿಂದಲೇ ಬರುತ್ತೆ.

ಇನ್ನೊಂದು ಮಾತು ಗೊತ್ತಿದ್ರೆ ಮುಂದಿನದು ಸಲೀಸು. ಇಂಥ ಅಧ್ಯಯನಗಳಲ್ಲಿ ಚೀಟಿ ಎತ್ತೋ ತರ ರೋಗಿಗಳನ್ನ ಎರಡು ಗುಂಪು ಮಾಡ್ತಾರೆ, ಒಂದಕ್ಕೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಚಿಕಿತ್ಸೆ ಜೊತೆ ಫೋನ್ ವ್ಯವಸ್ಥೆ. ಯಾರು ಯಾವ ಗುಂಪಿಗೆ ಅನ್ನೋದು ಅದೃಷ್ಟ. ಹಾಗಾಗಿ ಕೊನೇಲಿ ವ್ಯತ್ಯಾಸ ಕಂಡ್ರೆ ಅದು ಫೋನ್ ವ್ಯವಸ್ಥೆಯಿಂದಲೇ ಬಂದಿದ್ದು ಅಂತ ಧೈರ್ಯವಾಗಿ ಹೇಳ್ಬಹುದು.

ಕೀನ್ಯಾದ ಸೋಮವಾರದ ಮೆಸೇಜ್

2007ರಿಂದ 2009ರವರೆಗೆ ಕೀನ್ಯಾದಲ್ಲಿ ಎಚ್‌ಐವಿ ಚಿಕಿತ್ಸೆ ಶುರು ಮಾಡಿದ 538 ಜನರ ಮೇಲೆ ವೆಲ್‌ಟೆಲ್ ಅನ್ನೋ ಅಧ್ಯಯನ ನಡೀತು. ಎಚ್‌ಐವಿ ಮಾತ್ರೆ ಜೀವನ ಪೂರ್ತಿ ತಗೋಬೇಕಾದ್ದು, ತಪ್ಪಿಸಿದ್ರೆ ಆಗೋ ತೊಂದರೆ ಮಾತ್ರ ಟಿಬಿ ತರಾನೇ. ಪ್ರತಿ ಸೋಮವಾರ ಕ್ಲಿನಿಕ್ಕಿನ ನರ್ಸ್ ಒಂದೇ ಒಂದು ಪದ ಕಳಿಸ್ತಿದ್ರು: ಮಾಂಬೊ? ಸ್ವಾಹಿಲಿಯಲ್ಲಿ ಹೇಗಿದೀಯ ಅಂತ. ಎರಡು ದಿನದೊಳಗೆ ಉತ್ತರ ಕೊಡಬೇಕು, ಸಾವಾ ಅಂದ್ರೆ ಆರಾಮ್, ಶಿಡಾ ಅಂದ್ರೆ ತೊಂದರೆ ಇದೆ. ಶಿಡಾ ಅಂದೋರಿಗೆ, ಉತ್ತರನೇ ಕೊಡದೋರಿಗೆ ನರ್ಸ್ ಫೋನ್ ಮಾಡ್ತಿದ್ರು.

ಗಮನಿಸಿ, ಮೆಸೇಜಲ್ಲಿ ಮಾತ್ರೆ ಅನ್ನೋ ಪದಾನೇ ಇಲ್ಲ, ಎಚ್‌ಐವಿ ಅನ್ನೋ ಪದಾನೂ ಇಲ್ಲ. ಬೇರೆ ಯಾರು ಫೋನ್ ನೋಡಿದ್ರೂ ಸ್ನೇಹಿತರು ಯಾರೋ ಹೇಗಿದೀಯ ಅಂತ ಕೇಳಿದ ಹಾಗೆ ಕಾಣುತ್ತೆ. ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು. ಮೆಸೇಜ್ ಬಂದ ಗುಂಪಲ್ಲಿ 62% ಜನ ಮಾತ್ರೆ ಸರಿಯಾಗಿ ತಗೊಂಡಿದ್ರು, ಬರದ ಗುಂಪಲ್ಲಿ 50%. ರಕ್ತದಲ್ಲಿ ವೈರಸ್ ಹತೋಟಿಗೆ ಬಂದೋರು 57%, ಇನ್ನೊಂದರಲ್ಲಿ 48%. ವಾರಕ್ಕೊಂದು ಪದದಿಂದ ಇಷ್ಟು ವ್ಯತ್ಯಾಸ ಬಂತಲ್ಲ ಅಂತ ಓದಿದಾಗ ನನಗೆ ಆಶ್ಚರ್ಯ ಆಯ್ತು.

ಇದನ್ನ ಓದಿದ ಮೇಲೆ, ಹಾಗಾದ್ರೆ ಎಲ್ಲರಿಗೂ ಕಂಪ್ಯೂಟರಿಂದ ಆಟೋಮ್ಯಾಟಿಕ್ ಮೆಸೇಜ್ ಬಿಟ್ರೆ ಮುಗೀತು ಅನ್ಸುತ್ತೆ ಅಲ್ವಾ. ಅದನ್ನೂ ಪರೀಕ್ಷೆ ಮಾಡಿದಾರೆ, ನಮ್ಮ ಬೆಂಗಳೂರಿನ ಸಂಶೋಧಕರೇ ಇದ್ದ ತಂಡ. ದಕ್ಷಿಣ ಭಾರತದಲ್ಲಿ 631 ಎಚ್‌ಐವಿ ರೋಗಿಗಳನ್ನ ತಗೊಂಡ್ರು, ಒಂದು ಗುಂಪಿಗೆ ವಾರ ವಾರ ರೆಕಾರ್ಡ್ ಆದ ದನಿಯ ಆಟೋಮ್ಯಾಟಿಕ್ ಕಾಲ್, ಜೊತೆಗೆ ಒಂದು ಚಿತ್ರದ ಮೆಸೇಜ್. 96 ವಾರ, ಸುಮಾರು ಎರಡು ವರ್ಷ ನೋಡಿದ್ರು. 2014ರಲ್ಲಿ ಬಿಎಂಜೆ ಪತ್ರಿಕೇಲಿ ಬಂದ ಫಲಿತಾಂಶ: ಎರಡೂ ಗುಂಪಲ್ಲಿ ಚಿಕಿತ್ಸೆ ವಿಫಲ ಆದೋರ ಪ್ರಮಾಣ ಹೆಚ್ಚುಕಮ್ಮಿ ಒಂದೇ. ಕ್ಯಾಮರೂನ್ ದೇಶದಲ್ಲಿ 200 ಜನಕ್ಕೆ ವಾರ ವಾರ ಹುರಿದುಂಬಿಸೋ ಎಸ್ಸೆಮ್ಮೆಸ್ ಕಳಿಸಿ ನೋಡಿದಾಗಲೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ.

ದೇಶ ಬೇರೆ, ಜನ ಬೇರೆ, ಆಸ್ಪತ್ರೆ ಬೇರೆ, ಹಾಗಾಗಿ ಇದೊಂದೇ ಕಾರಣ ಅಂತ ಬೆರಳಿಟ್ಟು ತೋರ್ಸೋಕಾಗಲ್ಲ. ಆದ್ರೂ ಕೀನ್ಯಾದಲ್ಲಿ ಇದ್ದಿದ್ದು, ಇನ್ನೆರಡು ಕಡೆ ಇಲ್ಲದ್ದು ಒಂದಿದೆ. ತೊಂದರೆ ಇದೆ ಅಂತ ಹೇಳಿದ್ರೆ ವಾಪಸ್ ಫೋನ್ ಮಾಡೋ ಒಬ್ಬ ನರ್ಸ್. ಕೀನ್ಯಾದಲ್ಲೇ ಟಿಬಿ ರೋಗಿಗಳ ಮೇಲೆ ಕೆಹೆಲಾ ಅನ್ನೋ ಇನ್ನೊಂದು ವ್ಯವಸ್ಥೆ ನೋಡಿದಾಗಲೂ ಇದೇ ಕಂಡಿದ್ದು. ಸಾದಾ ಫೋನಲ್ಲೇ ದಿನಾ ಮಾತ್ರೆ ತಗೊಂಡೆ ಅಂತ ಒತ್ತಬೇಕು, ಒತ್ತದೆ ಇದ್ರೆ ಮತ್ತೆ ನೆನಪಿಸ್ತಾರೆ, ಆಗಲೂ ಒತ್ತದಿದ್ರೆ ಮನುಷ್ಯರೇ ಸಂಪರ್ಕ ಮಾಡ್ತಾರೆ. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮಾಮೂಲಿ ಗುಂಪಲ್ಲಿ 13.1% ಜನರ ಚಿಕಿತ್ಸೆ ಕೆಟ್ಟಿತ್ತು, ಕೆಹೆಲಾ ಗುಂಪಲ್ಲಿ 4.2% ಮಾತ್ರ.

ಅರ್ಜೆಂಟೀನಾದ ಕಾಗದದ ಪಟ್ಟಿ

ಸಾರಾ ಇರಿಬಾರೆನ್ ಅಂತ ಒಬ್ಬ ನರ್ಸ್, ಅಮೆರಿಕದ ಸಿಯಾಟಲ್‌ನಲ್ಲಿರೋ ವಾಷಿಂಗ್ಟನ್ ಯೂನಿವರ್ಸಿಟಿಯ ನರ್ಸಿಂಗ್ ಸ್ಕೂಲಲ್ಲಿ ಸಂಶೋಧಕಿ. ಅವರು ಕೆಲಸ ಮಾಡಿದ್ದು ಅರ್ಜೆಂಟೀನಾದಲ್ಲಿ, ಅಲ್ಲಿನ ವೈದ್ಯರ ಜೊತೆ ಸೇರಿ. ಅಲ್ಲಿ ಎಷ್ಟೋ ಟಿಬಿ ರೋಗಿಗಳು ತಾವೇ ಮನೇಲಿ ಮಾತ್ರೆ ತಗೊಳ್ತಾರೆ, ಎದುರು ನಿಂತು ನೋಡೋರು ಇರಲ್ಲ.

ಮೊದಲು ಚಿಕ್ಕದಾಗಿ ಶುರು ಮಾಡಿದ್ರು. 2013ರಲ್ಲಿ ಪ್ರಕಟವಾದ ಟೆಕ್ಸ್ಟ್‌ಟಿಬಿ ಅಧ್ಯಯನದಲ್ಲಿ ಇದ್ದಿದ್ದು ಬರೀ 37 ಜನ. ಒಂದು ಗುಂಪಿನವರು ಮಾತ್ರೆ ನುಂಗಿದ ಮೇಲೆ ಎಸ್ಸೆಮ್ಮೆಸ್ ಕಳಿಸ್ಬೇಕು, ಇನ್ನೊಂದು ಗುಂಪಿನವರು ಕ್ಯಾಲೆಂಡರಲ್ಲಿ ಗುರುತು ಹಾಕ್ಬೇಕು. 37 ಜನರಿಂದ ಏನ್ ಗೊತ್ತಾಗುತ್ತೆ ಅಂತ ಕೇಳ್ಬಹುದು. ಇಂಥ ಸಣ್ಣ ಅಧ್ಯಯನ ಮಾಡೋದು, ಜನ ಇದನ್ನ ಒಪ್ತಾರಾ, ದಿನಾ ಮಾಡ್ತಾರಾ, ಎಲ್ಲಿ ತೊಡಕಾಗುತ್ತೆ ಅಂತ ನೋಡೋಕೆ. ಇಡ್ಲಿ ಹಿಟ್ಟು ಪೂರ್ತಿ ಪಾತ್ರೆಗೆ ಹಾಕೋ ಮುಂಚೆ ಒಂದು ತಟ್ಟೆ ಬೇಯಿಸಿ ನೋಡಲ್ವಾ, ಹಾಗೆ.

ತೊಡಕು ಎಲ್ಲಿದೆ ಅಂದ್ರೆ, ನುಂಗಿದೆ ಅಂತ ಮೆಸೇಜ್ ಬಂದ ಮಾತ್ರಕ್ಕೆ ನುಂಗಿದಾರೆ ಅಂತ ಅಲ್ಲವಲ್ಲ. ಇಲ್ಲಿ ಬರುತ್ತೆ ಆ ಮೂತ್ರದ ವಿಷಯ. ಟಿಬಿ ಔಷಧಿಗಳಲ್ಲಿ ಐಸೋನಿಯಾಜಿಡ್ ಅಂತ ಒಂದಿದೆ, ದೇಹ ಅದನ್ನ ಒಡೆದು ಮೂತ್ರದಲ್ಲಿ ಹೊರಗೆ ಹಾಕುತ್ತೆ. ಅದನ್ನ ಗುರುತಿಸೋ ಒಂದು ಚಿಕ್ಕ ಕಾಗದದ ಪಟ್ಟಿಯನ್ನ ಇವರ ತಂಡ ಮನೇಲೇ ಬಳಸೋ ಹಾಗೆ ರೂಪಿಸ್ತು. ನಮ್ಮಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ತಾರಲ್ಲ, ಸುಮಾರಾಗಿ ಆ ತರ. ಔಷಧಿ ಅಂಶ ಇದ್ರೆ ಪಟ್ಟಿಯ ಬಣ್ಣ ಬದಲಾಗುತ್ತೆ, ರೋಗಿ ಅದರ ಫೋಟೋ ತೆಗೆದು ಆಪಲ್ಲಿ ಕಳಿಸ್ತಾರೆ. ಮದ್ರಾಸಲ್ಲಿ ಅವತ್ತು ಕಾರ್ಯಕರ್ತರು ಮನೆಬಾಗಿಲಿಗೆ ಹೋಗಿ ಶೀಸೆಯಲ್ಲಿ ತುಂಬಿಸ್ಕೊಂಡು ಬರ್ತಿದ್ದ ಪರೀಕ್ಷೆ ಇವತ್ತು ಬಚ್ಚಲಲ್ಲೇ ಮುಗಿದು ಫೋಟೋ ಆಗಿ ಹೋಗುತ್ತೆ.

ಆ ಆಪಲ್ಲಿ ಫೋಟೋ ಜೊತೆಗೆ ಇವತ್ತು ಸೈಡ್ ಎಫೆಕ್ಟ್ ಏನಾದ್ರೂ ಇದೆಯಾ ಅಂತ ಹೇಳ್ಕೊಳ್ಳೋ ಜಾಗ ಇದೆ, ಚಿಕಿತ್ಸೆಗೆ ನೆರವಾಗೋ ಒಬ್ಬರ ಜೊತೆ ಮೆಸೇಜಲ್ಲಿ ಮಾತಾಡೋ ಅವಕಾಶ ಇದೆ. ನನಗೆ ಅದರಲ್ಲಿ ನರ್ಸ್ ಕೈ ಕಾಣೋದು ಇಲ್ಲೇ. ಬರೀ ಕಾವಲು ಕಾಯೋದಾಗಿದ್ರೆ ಫೋಟೋ ಸಾಕಿತ್ತು. ನಮ್ಮ ಚಿಕ್ಕಮ್ಮ ಮಾತ್ರೆ ಶುರು ಮಾಡಿದ ಮಾರನೇ ದಿನ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಮೂತ್ರ ಹೋಯ್ತು ಅಂತ ಹೆದರಿ ಕೂತಿದ್ರು, ರಕ್ತ ಹೋಗ್ತಿದೆ ಅಂದ್ಕೊಂಡು ಯಾರಿಗೂ ಹೇಳಿರ್ಲಿಲ್ಲ. ಅದು ರಿಫಾಂಪಿಸಿನ್ ಅನ್ನೋ ಔಷಧಿಯ ಬಣ್ಣ, ಅಪಾಯ ಏನಿಲ್ಲ. ಇಷ್ಟು ಹೇಳೋಕೆ ಒಬ್ಬರು ಬೇಕಿತ್ತು.

ಬೆಂಗಳೂರಲ್ಲಿ ಹುಟ್ಟಿದ ಮಿಸ್ಡ್ ಕಾಲ್

ನಮ್ಮ ದೇಶದಲ್ಲಿ ಬಳಕೆಗೆ ಬಂದಿದ್ದು 99ಡಾಟ್ಸ್ ಅನ್ನೋದು, ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಬಿಲ್ ಥೀಸ್ ಮತ್ತವರ ಜೊತೆಯವರು ಯೋಚಿಸಿದ್ದು, ಆಮೇಲೆ ಎವರ್‌ವೆಲ್ ಅನ್ನೋ ಬೆಂಗಳೂರಿನ ಸಂಸ್ಥೆ ಮುಂದುವರಿಸ್ತು. ಸ್ಮಾರ್ಟ್‌ಫೋನ್ ಬೇಡ, ಬ್ಯಾಲೆನ್ಸ್ ಬೇಡ.

ಮಾತ್ರೆ ಶೀಟನ್ನ ಒಂದು ದಪ್ಪ ಕಾಗದದ ಕವರಲ್ಲಿ ಅಂಟಿಸಿರ್ತಾರೆ. ಮಾತ್ರೆ ಹೊರಗೆ ಬರೋಕೆ ಬೆರಳಲ್ಲಿ ಒತ್ತಿದ್ರೆ ಹಿಂದಿನ ಕಾಗದ ಹರಿಯುತ್ತೆ, ಒಳಗೆ ಬಚ್ಚಿಟ್ಟ ಅಂಕಿಗಳು ಕಾಣ್ತವೆ, ಅದು ಫೋನ್ ನಂಬರಿನ ಭಾಗ. ಆ ನಂಬರಿಗೆ ಕಾಲ್ ಕೊಟ್ರೆ ದುಡ್ಡು ಕತ್ತರಿಸಲ್ಲ, ಇವತ್ತಿನ ಡೋಸ್ ಆಯ್ತು ಅಂತ ದಾಖಲಾಗುತ್ತೆ. ಮುಂದಿನ ಡೋಸ್‌ಗೆ ಯಾವ ನಂಬರ್ ಬರುತ್ತೆ ಅಂತ ಶೀಟ್ ಒತ್ತದೆ ಹೇಳೋಕಾಗಲ್ಲ. ಮಿಸ್ಡ್ ಕಾಲ್ ಕೊಟ್ಟೇ ಸಂಸಾರ ನಡೆಸಿದ ನಮ್ಮ ಜನಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂತ ನನಗೂ ಅನ್ನಿಸ್ತು.

ಆದ್ರೆ ಚೆನ್ನೈ, ವೆಲ್ಲೂರು, ಮುಂಬೈಗಳಲ್ಲಿ ಸಂಶೋಧಕರು ಹೇಳದೆ ರೋಗಿಗಳ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿದಾಗ ಕಾಲ್ ಲೆಕ್ಕಕ್ಕೂ ಮೂತ್ರದ ಲೆಕ್ಕಕ್ಕೂ ಎಷ್ಟೋ ಕಡೆ ತಾಳೆ ಆಗ್ಲಿಲ್ಲ. ಮಾತ್ರೆ ತಗೊಂಡೂ ಕಾಲ್ ಮಾಡದೋರಿದ್ರು, ಕಾಲ್ ಮಾಡಿ ಮಾತ್ರೆ ತಗೊಳ್ಳದೋರೂ ಇದ್ರು. ಮೊದಲನೆಯದು ಅರ್ಥ ಮಾಡ್ಕೊಳ್ಳೋದು ಕಷ್ಟ ಅಲ್ಲ. ಫೋನ್ ಗಂಡನ ಜೇಬಲ್ಲಿರುತ್ತೆ, ಚಾರ್ಜ್ ಇರಲ್ಲ, ಸಿಗ್ನಲ್ ಸಿಗೋಕೆ ಮನೆ ಹಿಂದಿನ ದಿಬ್ಬ ಹತ್ತಬೇಕು. ಎರಡನೆಯದಕ್ಕೆ ಬೈಗುಳ ತಪ್ಪಿಸ್ಕೊಳ್ಳೋ ಆಸೆ ಇರ್ಬಹುದು ಅಂತ ನನಗನ್ಸುತ್ತೆ, ಶಾಲೇಲಿ ಹೋಂವರ್ಕ್ ಮಾಡದೆ ಆಯ್ತು ಸಾರ್ ಅನ್ನೋ ತರ.

ಡಬ್ಬಿ, ವಿಡಿಯೋ

ಇನ್ನೆರಡು ವಿಧಾನ ಚುಟುಕಾಗಿ ಹೇಳ್ತೀನಿ. ಚೀನಾದಲ್ಲಿ ಮಾತ್ರೆ ಇಡೋ ಎಲೆಕ್ಟ್ರಾನಿಕ್ ಡಬ್ಬಿ ಕೊಟ್ರು, ಹೊತ್ತಿಗೆ ಸರಿಯಾಗಿ ಸದ್ದು ಮಾಡುತ್ತೆ, ಯಾವಾಗ ತೆಗೆದ್ರು ಅಂತ ಬರ್ಕೊಳ್ಳುತ್ತೆ. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೇಲೆ ನೋಡಿದ ಆ ಅಧ್ಯಯನ 2015ರಲ್ಲಿ ಬಂತು. ಡಬ್ಬಿ ಕೊಟ್ಟಲ್ಲಿ ಮಾತ್ರೆ ತಪ್ಪಿಸೋದು ಸುಮಾರು ಅರ್ಧಕ್ಕೆ ಇಳೀತು, ಬರೀ ಎಸ್ಸೆಮ್ಮೆಸ್ ಕಳಿಸಿದ ಗುಂಪಲ್ಲಿ ಹೇಳ್ಕೊಳ್ಳೋ ಬದಲಾವಣೆ ಇರ್ಲಿಲ್ಲ. ಇಂಗ್ಲೆಂಡಲ್ಲಿ ರೋಗಿ ಮಾತ್ರೆ ನುಂಗೋ ವಿಡಿಯೋ ಮಾಡಿ ಕಳಿಸೋದು, ಆ ಕಡೆ ಒಬ್ಬರು ನೋಡೋದು. 226 ಜನರ ಆ ಅಧ್ಯಯನದಲ್ಲಿ ಮೊದಲ ಎರಡು ತಿಂಗಳು ನಿಗದಿ ಮಾಡಿದ ಡೋಸ್‌ಗಳಲ್ಲಿ 80% ಆದ್ರೂ ಕಣ್ಣಾರೆ ನೋಡೋಕೆ ಸಾಧ್ಯವಾಗಿದ್ದು ವಿಡಿಯೋ ಗುಂಪಿನ 70% ಜನರಲ್ಲಿ, ಎದುರಾಎದುರು ನೋಡೋ ಗುಂಪಲ್ಲಿ 31%. ಸ್ಮಾರ್ಟ್‌ಫೋನ್, ಡೇಟಾ, ಒಬ್ಬರೇ ಕೂತು ವಿಡಿಯೋ ಮಾಡೋ ಜಾಗ ಇದ್ದೋರಿಗೆ ಇದು ಒಳ್ಳೇದು. ಒಂದೇ ಕೋಣೆ ಮನೇಲಿ ಆರು ಜನ ಇರೋರಿಗೆ ಕಷ್ಟ.

ನಂಬರ್ ಕೊಡೋವಾಗ

ನಿಮ್ಮ ಮನೇಲಿ ಯಾರಿಗಾದ್ರೂ ಟಿಬಿ ಚಿಕಿತ್ಸೆ ಶುರುವಾದ್ರೆ ನಮ್ಮ ತರ ಗಡಿಬಿಡೀಲಿ ಯಾವುದೋ ನಂಬರ್ ಬರ್ಸ್ಬೇಡಿ. ಮಾತ್ರೆ ನುಂಗೋರ ಜೊತೆ ಒಂದೇ ಸೂರಡಿ ಇರೋರ ನಂಬರ್ ಕೊಡಿ, ಆ ಫೋನ್ ಹಗಲು ಹೊತ್ತು ಎಲ್ಲಿರುತ್ತೆ ಅಂತನೂ ಯೋಚಿಸಿ. ಮನೇಲಿ ಕೆಲವರಿಗೆ ಕಾಯಿಲೆ ವಿಷಯ ಗೊತ್ತಾಗೋದು ಬೇಡ ಅಂತಿದ್ರೆ ಸಿಸ್ಟರ್ ಹತ್ರ ಮೊದಲೇ ಹೇಳಿ, ಮೆಸೇಜ್ ಕಳಿಸೋದಾ ಕಾಲ್ ಮಾಡೋದಾ, ಎಷ್ಟೊತ್ತಿಗೆ ಮಾಡೋದು ಅಂತ ಕೇಳ್ಕೊಂಡು ಬನ್ನಿ. ತೊಂದರೆ ಆದ್ರೆ ನಾವು ಯಾರಿಗೆ ಫೋನ್ ಮಾಡ್ಬೇಕು ಅಂತ ಅವರ ನಂಬರೂ ಬರ್ಕೊಳ್ಳಿ, ಅದನ್ನ ಕೇಳೋದು ಎಲ್ಲರೂ ಮರೀತಾರೆ. ಸರ್ಕಾರದ ಟಿಬಿ ಸಹಾಯವಾಣಿ 1800-11-6666, ದುಡ್ಡು ಬೀಳಲ್ಲ.

ಹೊಟ್ಟೆ ತೊಳಸೋದು, ವಾಂತಿ, ಕಣ್ಣು ಹಳದಿ ಆಗೋದು, ಕೈಕಾಲು ಜೋಮು ಹಿಡಿಯೋದು ಕಂಡ್ರೆ ತಾವೇ ಮಾತ್ರೆ ಬಿಡದೆ ಅವತ್ತೇ ಆಸ್ಪತ್ರೆಗೆ ತಿಳ್ಸಿ, ಮುಂದೇನು ಅಂತ ಅವರು ಹೇಳ್ತಾರೆ. ಎರಡು ಮೂರು ದಿನ ತಪ್ಪಿ ಹೋಗಿದ್ರೆ ಮುಚ್ಚಿಡಬೇಡಿ, ಎಷ್ಟು ದಿನ ತಪ್ಪಿತು ಅನ್ನೋದರ ಮೇಲೆ ಡಾಕ್ಟರು ಮುಂದಿನ ದಾರಿ ನೋಡ್ತಾರೆ.

ಚಿಕ್ಕಮ್ಮನ ವಿಷಯದಲ್ಲಿ ಕೊನೆಗೆ ನಾವು ಮಾಡಿದ್ದಿಷ್ಟು. ಪಕ್ಕದ ಮನೆ ಹುಡುಗಿ ನರ್ಸಿಂಗ್ ಓದ್ತಿದ್ಲು, ಅವಳ ನಂಬರ್ ಬರೆಸಿದ್ವಿ. ದಿನಾ ರಾತ್ರಿ ಊಟ ಆದ್ಮೇಲೆ ಅವಳು ಬೇಲಿ ಆಚೆಯಿಂದ ಅತ್ತೆ ಆಯ್ತಾ ಅಂತ ಕೂಗೋಳು. ಆಯ್ತು ಕಣೆ ಅಂತ ಚಿಕ್ಕಮ್ಮ ಕೂಗೋರು. ಎರಡು ಸಲ ಮಾತ್ರ ಇಲ್ಲ ಕಣೆ, ಯಾಕೋ ಆಗ್ತಿಲ್ಲ ಅಂದಿದ್ರಂತೆ, ಆ ಎರಡೂ ಸಲ ಅವಳು ಬೇಲಿ ದಾಟಿ ಬಂದು ಪಕ್ಕದಲ್ಲಿ ಕೂತು, ಒಂದು ತುತ್ತು ಮುದ್ದೆ ತಿನ್ನಿಸಿ, ಮಾತ್ರೆ ಕೊಟ್ಟು ಹೋದ್ಲಂತೆ.